ಮನೆ ಗೇಟಿನಿಂದಲೇ ಓಟ: ಬೆಂಗಳೂರಿಗೆ ಹೊಸದಾಗಿ ಬಂದವರಿಗೆ

ಧಾರವಾಡದಿಂದ ಬೆಂಗಳೂರಿಗೆ ಬಂದು ಐದು ವಾರ ಆದ ಮೇಲೆ ನನ್ನ ಓಟದ ಶೂ ಸಿಕ್ಕಿತು. ಅಡುಗೆಮನೆ ಡಬ್ಬಿಗಳಿದ್ದ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಸೇರಿಕೊಂಡಿತ್ತು. ತಿರುಗಿಸಿ ನೋಡಿದರೆ ಶೂ ತಳದ ಗೆರೆಗಳಲ್ಲೆಲ್ಲ ಕೆಮ್ಮಣ್ಣು ಒಣಗಿ ಕೂತಿತ್ತು. ಅದು ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಮಣ್ಣು. ಅಲ್ಲಿ ಏಳು ವರ್ಷ, ವಾರಕ್ಕೆ ನಾಲ್ಕು ದಿನ ಓಡಿದ್ದೆ. ಮಳೆಗಾಲದಲ್ಲಿ ಆ ಮಣ್ಣು ಶೂಗೆ ಅಂಟಿದರೆ ಮನೆಯ ಮೆಟ್ಟಿಲವರೆಗೂ ಬರುತ್ತಿತ್ತು. ಬೆಂಕಿಕಡ್ಡಿಯಲ್ಲಿ ಅದನ್ನು ಒಂದೊಂದೇ ಗೆರೆಯಿಂದ ಕೆರೆದು ತೆಗೆಯುವಾಗ ಗಂಟಲು ಕಟ್ಟಿತು. ಐದು ವಾರ ನಾನು ಒಂದು ದಿನವೂ ಓಡಿರಲಿಲ್ಲ.

ಊರು ಬದಲಾದಾಗ ಓಟ ನಿಲ್ಲುವುದು ಸೋಮಾರಿತನದಿಂದ ಅಂತ ತುಂಬಾ ಜನ ತಮ್ಮನ್ನೇ ಬೈದುಕೊಳ್ಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಹಳೇ ಊರಲ್ಲಿ ಯಾವ ರಸ್ತೆ, ಎಲ್ಲಿ ತಿರುಗಬೇಕು, ಯಾವ ಮನೆಯ ನಾಯಿ ಬೊಗಳುತ್ತದೆ ಎಂಬುದೆಲ್ಲ ಕಾಲಿಗೇ ಗೊತ್ತಿರುತ್ತದೆ. ಹೊಸ ಊರಲ್ಲಿ ಬೆಳಗಿನ ಐದೂವರೆಗೆ ಎದ್ದು ಇವನ್ನೆಲ್ಲ ಯೋಚಿಸಿ ತೀರ್ಮಾನ ಮಾಡಬೇಕು. ಆ ಹೊತ್ತಲ್ಲಿ ಯಾರಾದರೂ ಮಾಡುವ ತೀರ್ಮಾನ ಒಂದೇ, ಇನ್ನೊಂದು ಸ್ವಲ್ಪ ಹೊತ್ತು ಮಲಗೋಣ ಅಂತ. ಆದ್ದರಿಂದ ಮುಂದೆ ಬರೆದಿರುವ ಹೆಜ್ಜೆಗಳೆಲ್ಲ ಆ ಯೋಚನೆಯ ಭಾರ ಇಳಿಸುವುದಕ್ಕೆ. ನಾನಿರುವುದು ಬೆಂಗಳೂರಿನ ದಕ್ಷಿಣ ಭಾಗದಲ್ಲಿ, ಬನಶಂಕರಿ ಕಡೆ. ನನಗೆ ಗೊತ್ತಿರುವುದೂ ಆ ಕಡೆಯ ರಸ್ತೆಗಳೇ ಜಾಸ್ತಿ. ಆದರೆ ದಾರಿ ಹುಡುಕುವ ರೀತಿ ಯಾವ ಏರಿಯಾಕ್ಕೂ ಹೊಂದುತ್ತದೆ.

ಮನೆ ನೋಡುವಾಗಲೇ ಬೆಳಿಗ್ಗೆ ಒಮ್ಮೆ ಹೋಗಿ

ಇನ್ನೂ ಬಾಡಿಗೆ ಮನೆ ಹುಡುಕುತ್ತಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಬ್ರೋಕರ್ ತೋರಿಸುವುದು ಸಂಜೆ ಆರಕ್ಕೆ ಅಥವಾ ಭಾನುವಾರ ಹನ್ನೊಂದಕ್ಕೆ. ಮನೆ ಇಷ್ಟವಾದರೆ ಅಡ್ವಾನ್ಸ್ ಕೊಡುವ ಮುಂಚೆ ಒಂದು ದಿನ ಬೆಳಿಗ್ಗೆ ಐದೂಮುಕ್ಕಾಲಿಗೆ ನೀವೊಬ್ಬರೇ ಆ ಬೀದಿಗೆ ಹೋಗಿ. ಬೀದಿ ದೀಪ ಉರಿಯುತ್ತಿದೆಯಾ ನೋಡಿ. ಓಡಾಡುವ ಜನ ಇದ್ದಾರಾ, ಅದರಲ್ಲೂ ಹೆಂಗಸರು ವಾಕಿಂಗ್ ಮಾಡುತ್ತಿದ್ದಾರಾ ನೋಡಿ. ಅವರು ಕಂಡರೆ ಆ ಬೀದಿ ಪರವಾಗಿಲ್ಲ. ನಡೆದು ಹತ್ತು ನಿಮಿಷದೊಳಗೆ ಒಂದು ಪಾರ್ಕ್, ಕೆರೆ, ಶಾಲೆ ಮೈದಾನ ಅಥವಾ ವಾಹನ ಕಡಿಮೆ ಇರುವ ಒಳರಸ್ತೆ ಸಿಗುತ್ತದಾ ಅಂತ ನಡೆದೇ ನೋಡಿ. ಮ್ಯಾಪಿನಲ್ಲಿ ಹಸಿರು ಕಂಡ ಮಾತ್ರಕ್ಕೆ ನಂಬಬೇಡಿ. ಅದು ಬೀಗ ಹಾಕಿದ ಜಾಗವೂ ಆಗಿರಬಹುದು, ಕಸ ಸುರಿಯುವ ಜಾಗವೂ ಆಗಿರಬಹುದು.

ಸಾಮಾನು ಸಾಗಿಸುವವರಿಗೆ ಇನ್ನೊಂದು ಮಾತು. ಶೂ, ಎರಡು ಜೊತೆ ಸಾಕ್ಸು, ಓಡುವ ಬಟ್ಟೆ, ಗಡಿಯಾರ, ಇಷ್ಟನ್ನು ಲಾರಿಗೆ ಹಾಕಬೇಡಿ. ನಿಮ್ಮ ಕೈಚೀಲದಲ್ಲೇ ಇರಲಿ. ಗ್ಯಾಸ್ ಸಂಪರ್ಕ, ಇಂಟರ್ನೆಟ್, ಮಗುವಿನ ಶಾಲೆ ಅಂತ ಓಡಾಡುವುದರಲ್ಲಿ ತಳದ ಪೆಟ್ಟಿಗೆ ಬಿಚ್ಚಲು ತಿಂಗಳೇ ಆಗುತ್ತದೆ.

ಮೊದಲ ವಾರ ಓಡಬೇಡಿ, ನಡೆಯಿರಿ

ಮನೆ ಬದಲಾಯಿಸಿದ ವಾರ ಮೈ ಸೋತಿರುತ್ತದೆ. ನಿದ್ದೆ ಸರಿಯಾಗಿರುವುದಿಲ್ಲ, ಊಟದ ಹೊತ್ತೂ ತಪ್ಪಿರುತ್ತದೆ. ಆ ವಾರ ಓಟದ ಲೆಕ್ಕ ಬಿಟ್ಟುಬಿಡಿ. ಆದರೆ ಮುಂದೆ ಓಡಬೇಕೆಂದಿರುವ ಹೊತ್ತಿಗೇ ಎದ್ದು, ಓಡುವ ಶೂ ಹಾಕಿಕೊಂಡು, ಅರ್ಧ ಗಂಟೆ ನಡೆಯಿರಿ. ಒಂದು ದಿನ ಗೇಟಿನಿಂದ ಎಡಕ್ಕೆ, ಇನ್ನೊಂದು ದಿನ ಬಲಕ್ಕೆ.

ಹೀಗೆ ನಡೆಯುವಾಗ ಸಿಗುವ ಸುದ್ದಿ ಯಾವ ಮೊಬೈಲಿನಲ್ಲೂ ಸಿಗುವುದಿಲ್ಲ. ಹೀಗೆ ನಡೆಯಲು ಶುರು ಮಾಡಿದ ನಾಲ್ಕನೇ ದಿನ ನಾನು ಒಂದು ಸಣ್ಣ ಪಾರ್ಕಿನ ಪಕ್ಕದ ಕ್ರಾಸ್‌ಗೆ ತಿರುಗುತ್ತಿದ್ದೆ. ಬೆಂಚಿನ ಮೇಲೆ ಕೂತಿದ್ದ ಹಿರಿಯರೊಬ್ಬರು ಕೈ ಎತ್ತಿ ಕರೆದರು.

“ಏನಮ್ಮಾ, ಹೊಸಬ್ರಾ? ಆ ಕಡೆ ಹೋಗ್ಬೇಡಿ. ಮೂಲೆ ಮನೆ ಕಾಂಪೌಂಡ್ ಹತ್ರ ನಾಯಿ ಮರಿ ಹಾಕಿದೆ. ಯಾರು ಹೋದ್ರೂ ಮೇಲೆ ಬೀಳುತ್ತೆ.”

“ಎಷ್ಟು ದಿನ ಹೀಂಗ ಇರ್ತದ್ರೀ ಅಂಕಲ್?” ಅಂದೆ.

“ಧಾರವಾಡದವ್ರಾ?” ಅಂತ ನಕ್ಕರು. “ಮರಿ ದೊಡ್ಡದಾಗೋವರೆಗೂ ಈ ಕಡೆ ಕ್ರಾಸ್‌ನಲ್ಲೇ ಹೋಗಿ.”

ಅವತ್ತು ನಾನು ಓಡುತ್ತಾ ಆ ಮೂಲೆ ತಿರುಗಿದ್ದರೆ ಕಚ್ಚಿಸಿಕೊಂಡೇ ಬರುತ್ತಿದ್ದೆನೋ ಏನೋ.

ಗೇಟಿನಿಂದ ಶುರುವಾಗುವ ಒಂದು ಸುತ್ತು ಮಾಡಿಕೊಳ್ಳಿ

ಈ ಲೇಖನದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ವಾರದ ದಿನಗಳ ಓಟ ನಿಮ್ಮ ಮನೆ ಗೇಟಿನಿಂದ ಶುರುವಾಗಬೇಕು, ಗೇಟಿಗೇ ಬಂದು ಮುಗಿಯಬೇಕು. ಗಾಡಿ ಹತ್ತಿ ಹೋಗುವ ಓಟ ವಾರಕ್ಕೊಮ್ಮೆ ಸಾಕು.

ನಾನು ಶುರುವಿನಲ್ಲಿ ತಿಳಿದುಕೊಂಡಿದ್ದು ಉಲ್ಟಾ. ಬೆಂಗಳೂರು ಅಂದರೆ ಕಬ್ಬನ್ ಪಾರ್ಕು, ಓಡಿದರೆ ಅಲ್ಲೇ ಓಡಬೇಕು ಅಂತ ದಿನಾ ಬೆಳಿಗ್ಗೆ ಸ್ಕೂಟರ್ ತೆಗೆದೆ. ಹೋಗುವುದು ಸುಲಭ, ರಸ್ತೆ ಖಾಲಿ. ಬರುವಾಗ ಏಳೂಕಾಲು. ಶಾಲೆ ವ್ಯಾನು, ಆಫೀಸ್ ಕ್ಯಾಬು, ಬಿಎಂಟಿಸಿ ಬಸ್ಸುಗಳ ನಡುವೆ ಬೆವರಿದ ಬಟ್ಟೆಯಲ್ಲಿ ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳಬೇಕು. ನಲವತ್ತು ನಿಮಿಷದ ಓಟಕ್ಕೆ ಎರಡು ಗಂಟೆ ಹೋಗುತ್ತಿತ್ತು. ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಅಲಾರಂ ಆಫ್ ಮಾಡಿ ಮಲಗಿದೆ. ಆಮೇಲೆ ಎರಡು ವಾರ ಮತ್ತೆ ಓಟವೇ ಇಲ್ಲ. ಕೊನೆಗೆ ಗೇಟಿನಿಂದಲೇ, ಮೊದಲ ವಾರ ಬರೀ ನಡೆದು, ಹೊಸದಾಗಿ ಶುರು ಮಾಡಿದೆ.

ಈಗಿನ ನನ್ನ ಸುತ್ತು ನೋಡಲು ಏನೂ ಚೆಂದವಿಲ್ಲ. ಎರಡು ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಆದರೆ ಮೂರು ವರ್ಷದಿಂದ ಉಳಿದುಕೊಂಡು ಬಂದಿರುವುದು ಅದೇ.

ಇಂಥ ಸುತ್ತು ಮಾಡುವುದಕ್ಕೆ ಬೆಂಗಳೂರಿನ ಹಳೇ ಬಡಾವಣೆಗಳು ಹೇಳಿ ಮಾಡಿಸಿದ ಹಾಗಿವೆ. ಜಯನಗರ, ಬನಶಂಕರಿ, ರಾಜಾಜಿನಗರ, ಮಲ್ಲೇಶ್ವರ, ಎಲ್ಲ ಕಡೆ ಮೇನ್ ಒಂದು ದಿಕ್ಕಿಗೆ, ಕ್ರಾಸ್ ಇನ್ನೊಂದು ದಿಕ್ಕಿಗೆ. ಹಾಗಾಗಿ ನಾಲ್ಕು ಸಲ ಒಂದೇ ಕಡೆಗೆ, ಅಂದರೆ ಎಡಕ್ಕಾದರೆ ಎಡಕ್ಕೇ ತಿರುಗಿದರೆ ಹೊರಟ ಜಾಗಕ್ಕೆ ವಾಪಸ್. ರಸ್ತೆಯ ಬಲಬದಿಯಲ್ಲಿ ಓಡುವಾಗ ಬಲಕ್ಕೇ ತಿರುಗುವ ಸುತ್ತಿನಲ್ಲಿ ರಸ್ತೆ ದಾಟುವ ಕೆಲಸವೂ ಕಡಿಮೆ. ಮೊದಲು ಒಂದು ಕಿಲೋಮೀಟರಿನ ಸುತ್ತು ಹುಡುಕಿ. ಆಮೇಲೆ ಎರಡು ಕ್ರಾಸ್ ಆಚೆ ಹೋಗಿ ಎರಡು ಕಿಲೋಮೀಟರ್ ಮಾಡಿ. ಸಣ್ಣ ಸುತ್ತಿನ ಒಂದು ದೊಡ್ಡ ಅನುಕೂಲ ಏನೆಂದರೆ, ಹೊಟ್ಟೆ ಸರಿ ಇಲ್ಲದಿದ್ದರೂ, ಮಳೆ ಬಂದರೂ, ಮನೆಯಿಂದ ಫೋನ್ ಬಂದರೂ ನೀವು ಗೇಟಿನಿಂದ ದೂರ ಇರುವುದಿಲ್ಲ.

ಹೊಸ ಬಡಾವಣೆಗಳಲ್ಲಿ ಈ ಅನುಕೂಲ ಇಲ್ಲ. ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ ಕಡೆ ಅಪಾರ್ಟ್‌ಮೆಂಟ್ ಗೇಟು ದಾಟಿದರೆ ನೇರ ದೊಡ್ಡ ರಸ್ತೆ. ಅಲ್ಲಿರುವವರು ಕಾಂಪೌಂಡಿನ ಒಳಗಿನ ರಸ್ತೆಯನ್ನೇ ಅಳೆದುಕೊಳ್ಳಿ. ನಾಲ್ಕುನೂರು ಮೀಟರ್ ಸಿಕ್ಕರೂ ಸಾಕು. ಬೇಸರ ಅನಿಸಿದರೆ ಪ್ರತಿ ಐದು ಸುತ್ತಿಗೆ ದಿಕ್ಕು ಬದಲಿಸಿ. ಇದರಿಂದ ಒಂದೇ ಕಾಲಿನ ಮೇಲೆ ತಿರುವಿನ ಭಾರ ಬೀಳುವುದೂ ತಪ್ಪುತ್ತದೆ.

ದಾರಿ ಆರಿಸುವಾಗ, ಮುಖ್ಯವಾಗಿ ಹೆಂಗಸರು, ಹಾಲಿನ ಬೂತು, ಹೂ ಕಟ್ಟುವವರು ಕೂರುವ ಮೂಲೆ, ಬೇಗ ಬಾಗಿಲು ತೆಗೆಯುವ ಹೋಟೆಲ್, ದೇವಸ್ಥಾನ, ಇವು ಸಿಗುವ ಹಾಗೆ ನೋಡಿಕೊಳ್ಳಿ. ಐದೂವರೆ ಹೊತ್ತಿಗೆ ನಂದಿನಿ ಬೂತಿನ ಮುಂದೆ ಕ್ರೇಟು ಇಳಿಸುತ್ತಿರುತ್ತಾರೆ, ದೀಪ ಇರುತ್ತದೆ, ನಾಲ್ಕು ಜನ ಇರುತ್ತಾರೆ. ನನ್ನ ಸುತ್ತಿನಲ್ಲಿ ಇಂಥ ಮೂರು ಜಾಗಗಳಿವೆ. ಹೂವಿನಮ್ಮ ಒಂದು ದಿನ ನಾನು ಕಾಣದಿದ್ದರೆ ಮರುದಿನ “ಯಾಕಮ್ಮ, ಹುಷಾರಿರ್ಲಿಲ್ವಾ?” ಅಂತ ಕೇಳುತ್ತಾರೆ. ಹೊಸ ಊರಲ್ಲಿ ನನ್ನನ್ನು ಹಾಗೆ ಮೊದಲು ಕೇಳಿದವರು ಅವರೇ.

ಫುಟ್‌ಪಾತ್, ನಾಯಿ, ಕತ್ತಲೆ

ನನ್ನ ಮೊದಲ ಪೆಟ್ಟು ಗೇಟಿನಿಂದ ಹೊಸದಾಗಿ ಶುರು ಮಾಡಿದ ಮೂರನೇ ವಾರ. ಹಳದಿ ದೀಪದ ಮಬ್ಬಿನಲ್ಲಿ ಫುಟ್‌ಪಾತ್ ಮೇಲೆ ಓಡುತ್ತಿದ್ದೆ. ಮರದ ಬೇರು ಕೆಳಗಿನಿಂದ ಒಂದು ಕಲ್ಲುಚಪ್ಪಡಿಯನ್ನು ಎತ್ತಿತ್ತು. ಅಂಚು ಎದ್ದಿದ್ದು ಎರಡು ಬೆರಳಿನಷ್ಟು ಮಾತ್ರ. ಶೂ ಮೂತಿ ಸಿಕ್ಕಿಕೊಂಡು ಬೋರಲು ಬಿದ್ದೆ. ಎರಡೂ ಅಂಗೈ ತರಚಿ, ಬಲ ಮೊಣಕಾಲು ಊದಿ ಒಂಬತ್ತು ದಿನ ಮನೆಯಲ್ಲಿ ಕೂರಬೇಕಾಯಿತು.

ಬೆಂಗಳೂರಿನ ಫುಟ್‌ಪಾತು ತುಂಬಾ ಕಡೆ ಚರಂಡಿಯ ಮೇಲಿನ ಮುಚ್ಚಳವೇ. ಚಪ್ಪಡಿ ಅಲ್ಲಾಡುತ್ತದೆ, ನಡುವೆ ಬಾಯಿ ತೆರೆದಿರುತ್ತದೆ, ಟ್ರಾನ್ಸ್‌ಫಾರ್ಮರ್ ಅಡ್ಡ ಬರುತ್ತದೆ, ಕೇಬಲ್ಲು ಕತ್ತಿನ ಎತ್ತರಕ್ಕೆ ಜೋತುಬಿದ್ದಿರುತ್ತದೆ. ಹಾಗಾಗಿ ವಾಹನ ಕಡಿಮೆ ಇರುವ ಹೊತ್ತಲ್ಲಿ ಒಳರಸ್ತೆಯ ಡಾಂಬರಿನ ಮೇಲೇ ಓಡುವುದು ಮೇಲು. ರಸ್ತೆಯ ಬಲಬದಿಯಲ್ಲಿ, ಎದುರಿನಿಂದ ಬರುವ ಗಾಡಿ ಕಣ್ಣಿಗೆ ಬೀಳುವ ಹಾಗೆ ಓಡಿ. ಕಿವಿಗೆ ಏನೂ ಹಾಕಬೇಡಿ. ತಿಳಿ ಬಣ್ಣದ ಅಂಗಿ ಹಾಕಿ. ರಸ್ತೆಯ ಅಂಚು ನೀರು ಹರಿಯಲೆಂದು ಇಳಿಜಾರಾಗಿರುತ್ತದೆ. ದಿನವೂ ಒಂದೇ ಬದಿಯ ಇಳಿಜಾರಿನಲ್ಲಿ ಓಡಿದರೆ ಸೊಂಟಕ್ಕೂ ಮೊಣಕಾಲಿಗೂ ನೋವು ಬರಬಹುದು. ಸುತ್ತಿನ ದಿಕ್ಕು ಬದಲಿಸಿದರೂ ಬಲಬದಿಯಲ್ಲೇ ಓಡುವ ಕಾರಣ ಈ ಇಳಿಜಾರು ಹಾಗೇ ಉಳಿಯುತ್ತದೆ. ಅದಕ್ಕೆ ಗಾಡಿಯೇ ಇಲ್ಲದ ಕ್ರಾಸ್‌ಗಳಲ್ಲಿ ಸ್ವಲ್ಪ ನಡುವೆ ಓಡಿ. ಯಾವ ದಾರಿಯಲ್ಲಾದರೂ ಕತ್ತಲಲ್ಲಿ ಓಡುವ ಮುಂಚೆ ಅದೇ ದಾರಿಯಲ್ಲಿ ಹಗಲು ಒಮ್ಮೆ ನಡೆದು ನೋಡಿ.

ನಾಯಿಗಳ ವಿಷಯ. ಓಡುವವರನ್ನು ಕಂಡರೆ ಅಟ್ಟಿಸಿಕೊಂಡು ಬರುವುದು ಅವುಗಳ ಸ್ವಭಾವ. ಬೊಗಳಿದ ಕೂಡಲೇ ಓಟ ನಿಲ್ಲಿಸಿ. ಕಲ್ಲು ಎತ್ತಬೇಡಿ, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸಬೇಡಿ. ಬೆನ್ನು ತಿರುಗಿಸದೆ ನಿಧಾನವಾಗಿ ನಡೆದು ಅವುಗಳ ಬೀದಿ ದಾಟಿ. ಎರಡು ವಾರ ಹೀಗೆ ಮಾಡಿದರೆ ನಿಮ್ಮ ವಾಸನೆ, ನಡಿಗೆ ಅವಕ್ಕೆ ಪರಿಚಯವಾಗುತ್ತದೆ. ಕಚ್ಚಿದರೆ ಅಥವಾ ಹಲ್ಲು ತಾಗಿ ಚರ್ಮ ಗೀರಿದರೂ ಸುಮ್ನೆ ಬಿಡಬೇಡಿ. ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಾಕಿ ಪೂರ್ತಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿ, ಡಾಕ್ಟರ್ ಹೇಳಿದ ದಿನಗಳಲ್ಲಿ ಒಂದನ್ನೂ ತಪ್ಪಿಸದೆ ಹಾಕಿಸಿಕೊಳ್ಳಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಒಬ್ಬರೇ ಓಡುವಾಗ ಹೊರಟ ಸಮಯ, ದಾರಿ ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ. ಫೋನಿನಲ್ಲಿ ಲೊಕೇಶನ್ ಕಳಿಸಿಡಿ. ಜೇಬಿನಲ್ಲಿ ನೂರು ರೂಪಾಯಿ, ನಿಮ್ಮ ಹೆಸರು, ರಕ್ತದ ಗುಂಪು, ಮನೆಯವರ ನಂಬರು ಬರೆದ ಚೀಟಿ ಇರಲಿ. ತುರ್ತು ಸಹಾಯಕ್ಕೆ 112.

ಹೊತ್ತು ಗೊತ್ತು ಮಾಡಿಕೊಳ್ಳುವುದು

ಬೆಂಗಳೂರಲ್ಲಿ ಜೂನ್ ಶುರುವಿನಲ್ಲಿ ಸೂರ್ಯ ಹುಟ್ಟುವುದು ಐದು ಗಂಟೆ ಐವತ್ತನಾಲ್ಕು ನಿಮಿಷದ ಆಸುಪಾಸು. ಜನವರಿಯಲ್ಲಿ ಆರೂಮುಕ್ಕಾಲಿನ ಹತ್ತಿರ. ಅಂದರೆ ಹತ್ತಿರ ಹತ್ತಿರ ಐವತ್ತು ನಿಮಿಷದ ವ್ಯತ್ಯಾಸ. ಜೂನಿನಲ್ಲಿ ಐದೂವರೆಗೇ ಮಬ್ಬು ಬೆಳಕು ಇರುತ್ತದೆ, ಜನವರಿಯಲ್ಲಿ ಅದೇ ಹೊತ್ತು ಕಗ್ಗತ್ತಲು. ನಾನು ವರ್ಷಕ್ಕೆ ಎರಡು ಅಲಾರಂ ಇಟ್ಟುಕೊಂಡಿದ್ದೇನೆ, ಚಳಿಗಾಲಕ್ಕೆ ಒಂದು, ಉಳಿದ ಕಾಲಕ್ಕೆ ಒಂದು.

ಸಂಜೆ ಓಟ ಬೆಂಗಳೂರಲ್ಲಿ ಕಷ್ಟ. ಟ್ರಾಫಿಕ್ಕು, ಹೊಗೆ ಒಂದು ಕಡೆ. ಇನ್ನೊಂದು ಕಡೆ ಮಳೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ದಿನವಿಡೀ ನೆನೆಯುತ್ತಲೇ ಓಡಬಹುದು. ಇಲ್ಲಿ ಹಾಗಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನವೆಲ್ಲ ಬಿಸಿಲು ಕಾದು, ಸಂಜೆ ಗುಡುಗು ಸಿಡಿಲಿನ ಜೊತೆ ಸುರಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರಿನಲ್ಲೂ ಹಾಗೇ. ಅರ್ಧ ಗಂಟೆಯಲ್ಲಿ ರಸ್ತೆಯೇ ಕಾಲುವೆ. ನೀರು ನಿಂತ ರಸ್ತೆಯಲ್ಲಿ ಓಡಲೇಬೇಡಿ, ಕೆಳಗೆ ಮುಚ್ಚಳ ಇಲ್ಲದ ಗುಂಡಿ ಇದೆಯೋ ವೈರು ಬಿದ್ದಿದೆಯೋ ಕಾಣುವುದಿಲ್ಲ. ರಾತ್ರಿ ಪಾಳಿ ಮಾಡುವವರಿಗೆ ಬೆಳಿಗ್ಗೆ ಆಗುವುದಿಲ್ಲ ಅಂದರೆ, ಪಾಳಿಗೆ ಹೊರಡುವ ಮುಂಚೆ ಅಪಾರ್ಟ್‌ಮೆಂಟ್ ಒಳಗೋ ಪಕ್ಕದ ಪಾರ್ಕಿನಲ್ಲೋ ಇಪ್ಪತ್ತು ನಿಮಿಷ ಸಾಕು.

ಎಷ್ಟು ಓಡಬೇಕು

ಎರಡು ವಾರಕ್ಕಿಂತ ಜಾಸ್ತಿ ಬಿಟ್ಟರೆ ದಮ್ಮು ಇಳಿಯಲು ಶುರುವಾಗುತ್ತದೆ. ಒಂದು ತಿಂಗಳು ಬಿಟ್ಟವರು ಹಳೇ ಲೆಕ್ಕ ಮರೆತು ಹೊಸದಾಗಿ ಶುರು ಮಾಡುವುದೇ ಒಳ್ಳೆಯದು. ನಾನು ಮಾಡಿದ್ದು ಹೀಗೆ. ಮೊದಲ ವಾರ ಬರೀ ನಡಿಗೆ. ಎರಡನೇ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಇಪ್ಪತ್ತನಾಲ್ಕು ನಿಮಿಷ. ಮೂರನೇ ವಾರ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಆ ವಾರದಲ್ಲೇ ಬಿದ್ದೆ. ಮೊಣಕಾಲು ವಾಸಿಯಾದ ಮೇಲೆ ಮತ್ತೆ ಒಂದು ನಿಮಿಷದಿಂದಲೇ ಶುರು. ನಡುವೆ ನಿಲ್ಲದೆ ಅರ್ಧ ಗಂಟೆ ಓಡಲು ಎರಡು ತಿಂಗಳು ಹಿಡಿಯಿತು. ವಾರಕ್ಕೆ ಮೂರು ದಿನ ಮಾತ್ರ, ಅದೂ ಒಂದು ದಿನ ಬಿಟ್ಟು ಒಂದು ದಿನ. ಓಡುವಾಗ ಪಕ್ಕದವರ ಜೊತೆ ಮಾತಾಡಲು ಆಗುವಷ್ಟು ನಿಧಾನ.

ದಮ್ಮು ಬೇಗ ವಾಪಸ್ ಬರುತ್ತದೆ, ಆದರೆ ಹಿಮ್ಮಡಿಯ ನರ, ಮೂಳೆ, ಕೀಲು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. “ಆರಾಮಾಗಿದೆ, ಇನ್ನೊಂದು ಸುತ್ತು ಓಡೋಣ” ಅನಿಸುವ ಮೂರನೇ, ನಾಲ್ಕನೇ ವಾರದಲ್ಲೇ ಮೀನಖಂಡ ಹಿಡಿದುಕೊಳ್ಳುವುದು, ಮುಂಗಾಲ ಮೂಳೆ ನೋಯುವುದು ಶುರುವಾಗುತ್ತದೆ. ಮಣ್ಣಿನ ಮೇಲೆ ಓಡಿ ಅಭ್ಯಾಸವಿದ್ದವರು ಕಾಂಕ್ರೀಟಿಗೆ ಬಂದಾಗ ಇನ್ನೂ ಹುಷಾರಾಗಿರಬೇಕು. ವಾರಕ್ಕೊಮ್ಮೆ ಮಣ್ಣಿನ ದಾರಿ ಹುಡುಕಿಕೊಂಡು ಹೋಗಿ.

ಹವೆಯ ಬಗ್ಗೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಂಗಳೂರು, ಉಡುಪಿ ಕಡೆಯಿಂದ ಬಂದವರಿಗೆ ಇಲ್ಲಿನ ಒಣ ತಂಪು ಗಾಳಿಯಲ್ಲಿ ಓಟ ಹಗುರ ಅನಿಸುತ್ತದೆ. ಆದರೆ ಬೆವರು ಕೂಡಲೇ ಆರಿಹೋಗುವುದರಿಂದ ನೀರು ಕಡಿಮೆಯಾದದ್ದು ಗೊತ್ತೇ ಆಗುವುದಿಲ್ಲ. ಮನೆಗೆ ಬಂದು ಉಪ್ಪು ಹಾಕಿದ ಮಜ್ಜಿಗೆಯೋ ಎಳನೀರೋ ಕುಡಿಯಿರಿ. ಇದೇ ಲೆಕ್ಕ ಉಲ್ಟಾ ಆದರೆ, ಅಂದರೆ ಬೆಂಗಳೂರಿನಿಂದ ಮಂಗಳೂರಿಗೋ ಚೆನ್ನೈಗೋ ಮುಂಬೈಗೋ ಹೋಗುವವರು, ಮೈ ಆ ಸೆಕೆಗೆ ಹೊಂದಲು ಹತ್ತರಿಂದ ಹದಿನಾಲ್ಕು ದಿನ ಕೊಡಬೇಕು. ಅಷ್ಟು ದಿನ ವೇಗದ ಮಾತೇ ಬೇಡ.

ಭಾನುವಾರಕ್ಕೆ ದೊಡ್ಡ ಜಾಗ

ಗೇಟಿನ ಸುತ್ತು ಗಟ್ಟಿಯಾದ ಮೇಲೆ ವಾರಕ್ಕೊಂದು ದಿನ ಊರು ನೋಡಲು ಹೊರಡಿ. ಈಗ ಅದು ಹೊರೆಯಾಗುವುದಿಲ್ಲ, ಹಬ್ಬದ ಹಾಗಿರುತ್ತದೆ.

ಲಾಲ್‌ಬಾಗ್ ನನಗೆ ಎಲ್ಲಕ್ಕಿಂತ ಇಷ್ಟ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ ತೋಟ, ಈಗ 240 ಎಕರೆ. ಬೆಳಿಗ್ಗೆ ವಾಕಿಂಗಿಗೆ ಬರುವವರಿಗೆ ಟಿಕೆಟ್ ಇಲ್ಲ. ಬನಶಂಕರಿಯಿಂದ ಹಸಿರು ಲೈನಿನ ಮೆಟ್ರೊದಲ್ಲಿ ನಾಲ್ಕನೇ ಸ್ಟೇಷನ್ನು, ಇಳಿದರೆ ಪಶ್ಚಿಮದ ಗೇಟು ಪಕ್ಕದಲ್ಲೇ. ಒಳಗೆ ಕೆಂಪೇಗೌಡರ ಗೋಪುರ ಇರುವ ಬಂಡೆ ಇದೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಅದನ್ನು ಐದು ಸಲ ಹತ್ತಿ ಇಳಿದರೆ ತೊಡೆಗೆ ಒಳ್ಳೇ ಕೆಲಸ. ಇಳಿಯುವಾಗ ಮಾತ್ರ ನಡೆಯಿರಿ, ಇಬ್ಬನಿ ಬಿದ್ದ ಬಂಡೆ ಜಾರುತ್ತದೆ. ಕೆರೆಯ ಪಕ್ಕದ ದಾರಿಯಲ್ಲಿ ಹಿರಿಯರು ಸಾಲಾಗಿ ನಡೆಯುತ್ತಿರುತ್ತಾರೆ. ಹಿಂದಿನಿಂದ ಒಮ್ಮೆಲೇ ನುಗ್ಗಬೇಡಿ, ಸ್ವಲ್ಪ ದೂರದಿಂದಲೇ “ಸ್ವಲ್ಪ ದಾರಿ ಬಿಡಿ ಸರ್” ಅನ್ನಿ. ಆಗಸ್ಟ್ 15 ಮತ್ತು ಜನವರಿ 26ರ ಹೊತ್ತಿಗೆ ನಡೆಯುವ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಓಟಕ್ಕೆ ಬೇರೆ ಜಾಗ ನೋಡಿಕೊಳ್ಳಿ.

ಕಬ್ಬನ್ ಪಾರ್ಕಿನಲ್ಲಿ ಭಾನುವಾರ ವಾಹನ ಬಿಡುವುದಿಲ್ಲ. ಅಗಲವಾದ ಡಾಂಬರು ರಸ್ತೆ ಪೂರ್ತಿ ಓಡುವವರದ್ದು, ಸೈಕಲ್ಲಿನವರದ್ದು. ಒಂದು ಮಾತು ಗೊತ್ತಿರಲಿ, ಭಾನುವಾರ ಮೆಟ್ರೊ ಶುರುವಾಗುವುದೇ ಏಳಕ್ಕೆ. ಬೇಗ ಹೋಗಬೇಕೆಂದರೆ ಬಸ್ಸೋ ಗಾಡಿಯೋ ಬೇಕು. ಪಕ್ಕದಲ್ಲೇ ಕಂಠೀರವ ಕ್ರೀಡಾಂಗಣ. ಸಿಂಥೆಟಿಕ್ ಟ್ರ್ಯಾಕಿನಲ್ಲಿ ಓಡುವ ಆಸೆ ಇದ್ದರೆ ಅಲ್ಲಿಯ ಕಚೇರಿಯಲ್ಲಿ ಪಾಸಿನ ಬಗ್ಗೆ ಕೇಳಿ. ಟ್ರ್ಯಾಕಿನಲ್ಲಿ ಒಳಗಿನ ಸಾಲು ವೇಗವಾಗಿ ಓಡುವವರಿಗೆ. ನಿಧಾನವಾಗಿ ಓಡುವವರು, ನಡೆಯುವವರು ಹೊರಗಿನ ಸಾಲಿನಲ್ಲಿರಬೇಕು.

ಜ್ಞಾನಭಾರತಿ, ಅಂದರೆ ಬೆಂಗಳೂರು ವಿಶ್ವವಿದ್ಯಾಲಯದ ಕ್ಯಾಂಪಸ್ಸು, ಸಾವಿರ ಎಕರೆಗೂ ಜಾಸ್ತಿ. ಅಲ್ಲಿ ಮೊದಲ ಸಲ ಮಣ್ಣಿನ ದಾರಿಗೆ ಇಳಿದಾಗ ನನಗೆ ಧಾರವಾಡದ ಕ್ಯಾಂಪಸ್ಸೇ ನೆನಪಾಯಿತು. ಉತ್ತರ ಭಾಗದವರಿಗೆ ಜಕ್ಕೂರು ಕೆರೆ ಇದೆ, ಸರ್ಜಾಪುರ ರಸ್ತೆಯವರಿಗೆ ಕೈಕೊಂಡ್ರಹಳ್ಳಿ ಕೆರೆ, ಎಚ್‌ಎಸ್‌ಆರ್ ಬಡಾವಣೆಯವರಿಗೆ ಅಗರ ಕೆರೆ, ಸದಾಶಿವನಗರ, ಮಲ್ಲೇಶ್ವರದವರಿಗೆ 1882ರಲ್ಲಿ ಕಟ್ಟಿದ ಸ್ಯಾಂಕಿ ಕೆರೆ. ಕೆರೆಗಳ ಗೇಟು ಸಾಮಾನ್ಯವಾಗಿ ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ತೆರೆದಿರುತ್ತದೆ. ಬೋರ್ಡು ಓದಿಕೊಂಡು ಬನ್ನಿ. ಕನಕಪುರ ರಸ್ತೆಯ ಆಚೆ ತುರಹಳ್ಳಿ ಕಾಡಿದೆ. 2021ರಲ್ಲಿ ಅದನ್ನು ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಸುತ್ತಲಿನ ಜನ ಬೀದಿಗಿಳಿದು ಬೇಡ ಅಂದರು, ಕಾಡು ಕಾಡಾಗೇ ಇರಲಿ ಅಂತ. ಅಲ್ಲಿಗೆ ಹೋಗುವ ಮುಂಚೆ ಪ್ರವೇಶದ ನಿಯಮ ತಿಳಿದುಕೊಳ್ಳಿ. ಚಿರತೆ ಕಂಡ ಸುದ್ದಿ ಆಗಾಗ ಬರುತ್ತದೆ, ಒಬ್ಬರೇ ಹೋಗಬೇಡಿ, ಬೆಳಕು ಹರಿದ ಮೇಲೆ ಹೋಗಿ.

ಜೊತೆ

ಜೊತೆಗಾರರನ್ನು ಮೊದಲ ತಿಂಗಳೇ ಹುಡುಕುವ ಅವಸರ ಬೇಡ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಹೊತ್ತು, ನಿಮ್ಮ ವೇಗ ಗೊತ್ತಾಗಲಿ. ಆಮೇಲೆ ಗುಂಪು ಸೇರಿ. ದಕ್ಷಿಣ ಬೆಂಗಳೂರಿನಲ್ಲಿ ಜಯನಗರ ಜಾಗ್ವಾರ್ಸ್ ತರಹದ ಹಳೇ ಗುಂಪುಗಳಿವೆ, ಕೋಚ್ ಇರುತ್ತಾರೆ, ಶುಲ್ಕ ಇರುತ್ತದೆ. ಬಡಾವಣೆಗೊಂದು ವಾಟ್ಸಾಪ್ ಗುಂಪೂ ಇರುತ್ತದೆ. ಅದನ್ನು ಹುಡುಕುವ ಸುಲಭ ದಾರಿ ಎಂದರೆ ಭಾನುವಾರ ಬೆಳಿಗ್ಗೆ ಒಂದೇ ಬಣ್ಣದ ಟೀಶರ್ಟ್ ಹಾಕಿ ಓಡುವವರನ್ನು ನಿಲ್ಲಿಸಿ ಕೇಳುವುದು. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಗುಂಪು ಸೇರಿದ ಮೊದಲ ದಿನ ಮುಂದಿನವರ ಹಿಂದೆ ಬೀಳಬೇಡಿ, ಎಲ್ಲರಿಗಿಂತ ನಿಧಾನವಾಗಿ ಓಡುವವರು ಯಾರು ನೋಡಿ ಅವರ ಪಕ್ಕ ಓಡಿ. ಊರಿನ ವಿಷಯ ಎಲ್ಲ ಅವರೇ ಹೇಳುತ್ತಾರೆ. ಒಳ್ಳೇ ಚಪ್ಪಲಿ ಹೊಲಿಯುವವರಿಂದ ಹಿಡಿದು ಒಳ್ಳೇ ಮೂಳೆ ಡಾಕ್ಟರ್‌ವರೆಗೆ ನನಗೆ ಗೊತ್ತಾಗಿದ್ದು ಹಾಗೆ.

ಗುರಿ ಇಟ್ಟುಕೊಂಡು ಓಡುವವರಿಗೆ ಬೆಂಗಳೂರಿನ ವರ್ಲ್ಡ್ 10ಕೆ, ಅಂದರೆ ಹತ್ತು ಕಿಲೋಮೀಟರಿನ ಓಟದ ಸ್ಪರ್ಧೆ ಇದೆ. 2008ರಿಂದ ನಡೆಯುತ್ತಿದೆ. ಮೊದಲೆಲ್ಲ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಇರುತ್ತಿತ್ತು, 2024ರಿಂದ ಏಪ್ರಿಲಿನಲ್ಲಿ ನಡೆಯುತ್ತಿದೆ. ಹೊಸಬರು ಮೊದಲ ವರ್ಷ ಹತ್ತು ಕಿಲೋಮೀಟರಿಗೆ ಮಾತ್ರ ಹೆಸರು ಕೊಡಿ. ಹಾಫ್ ಮ್ಯಾರಥಾನ್ ಎಲ್ಲೂ ಓಡಿಹೋಗುವುದಿಲ್ಲ.

ಬೆಟ್ಟದ ಕಡೆ

ಬೆಂಗಳೂರಿನ ಸುತ್ತ ಬಂಡೆಬೆಟ್ಟಗಳು ಬೇಕಾದಷ್ಟಿವೆ. 1,478 ಮೀಟರ್ ಎತ್ತರದ ನಂದಿ, ಅದರ ಪಕ್ಕದ ಸ್ಕಂದಗಿರಿ, ರೈಲಿನಲ್ಲೇ ಹೋಗಿ ಇಳಿಯಬಹುದಾದ ಮಾಕಳಿದುರ್ಗ, ಮಾಗಡಿ ಕಡೆಯ ಸಾವನದುರ್ಗ, ದಾಬಸ್‌ಪೇಟೆ ಬಳಿಯ ಶಿವಗಂಗೆ. ಮೊದಲ ಸಲಕ್ಕೆ ಶಿವಗಂಗೆ ಒಳ್ಳೆಯದು, ಮೆಟ್ಟಿಲು ಇದೆ, ಜನ ಇರುತ್ತಾರೆ. ಸಾವನದುರ್ಗದ ಬಂಡೆ ನುಣುಪು, ಮಳೆ ಬಂದ ದಿನ ಅದರ ಮೇಲೆ ಕಾಲಿಡಬೇಡಿ.

ಚಾರಣಕ್ಕೆ ಸುಮ್ನೆ ಹೊರಟುಬಿಡುವ ಕಾಲ ಈಗಿಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಒಂದೇ ಸಲ ಸಾವಿರಾರು ಜನ ಹತ್ತಿದ ದೃಶ್ಯ ನೀವೂ ನೋಡಿರಬಹುದು. ಅದಾದ ಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ನಿಲ್ಲಿಸಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ಈಗ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಬುಕ್ ಮಾಡಬೇಕು. ವಾರಾಂತ್ಯದ ಜಾಗ ಬೇಗ ತುಂಬುತ್ತದೆ, ವಾರದ ಮಧ್ಯೆ ರಜೆ ಹಾಕಿ ಹೋದರೆ ಬೆಟ್ಟ ನಿಮ್ಮೊಬ್ಬರದೇ ಅನಿಸುತ್ತದೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಕೆಲವು ದಾರಿ ಮುಚ್ಚಿರುತ್ತಾರೆ. ಗುಂಪಿನಲ್ಲಿ ಹೋಗುವುದಾದರೆ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್ನಿನ ಬೆಂಗಳೂರು ಘಟಕಗಳು, ಬೆಂಗಳೂರು ಮೌಂಟೆನಿಯರಿಂಗ್ ಕ್ಲಬ್ ಇವೆ.

ಹೋದ ವಾರ ನಮ್ಮ ಮೇಲಿನ ಮನೆಗೆ ಕಲಬುರಗಿಯಿಂದ ಒಬ್ಬ ಹುಡುಗಿ ಬಾಡಿಗೆಗೆ ಬಂದಳು. ಮೆಟ್ಟಿಲ ಹತ್ತಿರ ನನ್ನ ಶೂ ನೋಡಿ, “ಅಕ್ಕಾ, ಇಲ್ಲಿ ಓಡ್ಲಿಕ್ಕ ಛಲೋ ಜಾಗ ಎಲ್ಲದ?” ಅಂದಳು. ಬುಧವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ಗೇಟಿನ ಹತ್ತಿರ ಬಾ ಅಂದಿದ್ದೇನೆ. ಮೊದಲ ವಾರ ನಡೆಯುವುದಷ್ಟೇ. ನಾಯಿ ಮರಿ ಹಾಕಿದ ಮೂಲೆ, ಎದ್ದಿರುವ ಆ ಚಪ್ಪಡಿ, ಹೂವಿನಮ್ಮ, ಎಲ್ಲ ತೋರಿಸಬೇಕು.